ಅಡಿಕೆಗೆ ಅಂಟಿದ ಎಲೆಯ ಹೆಸರು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಅಡಿಕೆ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಂಗಳದಲ್ಲಿ ಒಣಗುವುದು ಅದು, ಅಟ್ಟದ ಮೇಲೆ ಕಾಯುವುದು ಅದು. ಮಗಳ ಮದುವೆ, ಮಗನ ಓದು, ಮನೆಯ ಹೆಂಚು, ಎಲ್ಲವೂ ಅದರ ದರದ ಮೇಲೆ ನಿಂತಿವೆ. ಆದರೆ ಅದೇ ಅಡಿಕೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಪೆನ್ನು ಒಂದು ಕ್ಷಣ ತಡೆಯುತ್ತದೆ.

‘ಅರೆಕಾನಟ್’ ಎಂಬುದು ಒಂದೇ ಪದವೋ ಎರಡು ಪದವೋ ಎಂಬ ಅನುಮಾನ ಮೊದಲನೆಯದು. ಎರಡೂ ರೂಪಗಳು ಬಳಕೆಯಲ್ಲಿರುವುದರಿಂದ ಅದು ದೊಡ್ಡ ತಪ್ಪೇನಲ್ಲ. ‘ಬೀಟಲ್ ನಟ್’ ಎಂದು ಬರೆಯಹೊರಟವರ ಕಷ್ಟ ಬೇರೆ. ಬಿ, ಇ, ಟಿ, ಇ, ಎಲ್ ಎಂದು ಬರೆಯಬೇಕಾದಲ್ಲಿ ಬಿ, ಡಬಲ್ ಇ, ಟಿ, ಎಲ್, ಇ ಎಂದು ಬರೆದುಬಿಡುತ್ತಾರೆ. ಎರಡರ ಉಚ್ಚಾರವೂ ಒಂದೇ. ಎರಡನೆಯದರ ಅರ್ಥ ಮಾತ್ರ ಗಟ್ಟಿ ರೆಕ್ಕೆಯ ದುಂಬಿ ಜಾತಿಯ ಹುಳು! ಹೀಗೆ ತೋಟದ ಅಡಿಕೆ ಒಂದಕ್ಷರದ ಏರುಪೇರಿನಲ್ಲಿ ‘ಹುಳದ ಕಾಯಿ’ ಆಗುತ್ತದೆ. ಈ ತಪ್ಪನ್ನು ನಮ್ಮವರು ಮಾತ್ರ ಮಾಡುತ್ತಾರೆಂದು ನಾಚಬೇಕಾಗಿಲ್ಲ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಇದೇ ಗುಂಡಿಗೆ ಬೀಳುತ್ತಾರೆ.

ಹುಳುವಿಗೂ ಅಡಿಕೆಗೂ ಹುಟ್ಟಿನಲ್ಲಿ ಯಾವ ನಂಟೂ ಇಲ್ಲ. ಹುಳುವಿನ ಹೆಸರು ಹಳೆಯ ಇಂಗ್ಲಿಷಿನ ‘ಕಚ್ಚು’ ಎಂಬ ಕ್ರಿಯಾಪದದಿಂದ ಬಂದದ್ದು. ಅದರ ಮೂಲಾರ್ಥ ‘ಕಚ್ಚುವ ಪ್ರಾಣಿ’. ಅಡಿಕೆಯನ್ನೂ ಕಚ್ಚಿಯೇ ತಿನ್ನಬೇಕು ಎಂಬುದಷ್ಟೇ ಇವೆರಡಕ್ಕೂ ಇರುವ ಸಾಮ್ಯ.

ಇಷ್ಟಕ್ಕೇ ನಕ್ಕು ಬಿಡಬಹುದಿತ್ತು. ಆದರೆ ಸ್ಪೆಲಿಂಗ್ ತಿದ್ದಿದ ಮೇಲೂ ತಪ್ಪು ಹಾಗೆಯೇ ಉಳಿಯುತ್ತದೆ ಎಂಬುದು ಇಲ್ಲಿನ ವಿಶೇಷ. ಅಕ್ಷರ ಸರಿಯಾಗಿರುವ ‘ಬೀಟಲ್’ ಕೂಡ ಅಡಿಕೆಯ ಹೆಸರಲ್ಲ. ಅದು ವೀಳ್ಯದೆಲೆಯ ಹೆಸರು.

ಬರಿಯ ಎಲೆ

‘ಬೀಟಲ್’ ಪದದ ಮೂಲ ಮಲೆಯಾಳದ ‘ವೆಟ್ಟಿಲ’ ಎಂದು ನಿಘಂಟುಕಾರರು ಹೇಳುತ್ತಾರೆ. ‘ವೆರು’ ಎಂದರೆ ಬರಿಯ, ‘ಇಲ’ ಎಂದರೆ ಎಲೆ. ಅಡುಗೆಗೆ ಒಗ್ಗಿಸಬೇಕಾಗಿಲ್ಲದ, ಹಾಗೆಯೇ ತಿನ್ನಬಹುದಾದ ಎಲೆ ಎಂಬ ಭಾವ ಅದರಲ್ಲಿದೆ. ಕೇರಳದ ಕರಾವಳಿಯಲ್ಲಿ ಹಡಗು ಇಳಿದ ಪೋರ್ಚುಗೀಸರು ಅದನ್ನು ‘ಬೆತ್ರೆ’, ‘ಬೆತ್ಲೆ’ ಎಂದು ಬರೆದುಕೊಂಡರು. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತ 1563ರಲ್ಲಿ ಪ್ರಕಟಿಸಿದ ಔಷಧ ಸಸ್ಯಗಳ ಗ್ರಂಥದಲ್ಲಿ ಈ ಹೆಸರಿನ ಕಾರಣವನ್ನು ತಾನೇ ವಿವರಿಸಿದ್ದಾನೆ. ಪೋರ್ಚುಗೀಸರು ಮೊದಲು ಕಂಡ ನೆಲ ಮಲಬಾರ್. ಆದ್ದರಿಂದ ತಮ್ಮ ನುಡಿಯಲ್ಲಿ ಹೆಸರಿಲ್ಲದ ವಸ್ತುಗಳಿಗೆ ಮಲಬಾರಿನ ಹೆಸರನ್ನೇ ಹಿಡಿದುಕೊಂಡರು ಎಂಬುದು ಅವನ ಮಾತಿನ ಸಾರಾಂಶ.

ಮೊದಲು ಹೊಕ್ಕ ಬಾಗಿಲಿನ ಮಾತೇ ಇಡೀ ಮನೆಯ ಮಾತೆಂದು ತಿಳಿದಂತೆ ಇದು. ಪೋರ್ಚುಗೀಸರು ಕೊಂಚ ಉತ್ತರಕ್ಕೆ, ಹೊನ್ನಾವರದಲ್ಲೋ ಅಂಕೋಲೆಯಲ್ಲೋ ಮೊದಲು ಇಳಿದಿದ್ದರೆ ಇಂದು ಜಗತ್ತು ‘ವೀಳ್ಯ’ ಎನ್ನುತ್ತಿತ್ತೋ ಏನೋ.

ಅಡಕೆಯಿಂದ ಅರೆಕಕ್ಕೆ

ಹಾಗಾದರೆ ‘ಅರೆಕ’ ಎಲ್ಲಿಯದು? ಇದು ನಿಜವಾಗಿಯೂ ಕಾಯಿಯ ಹೆಸರು. ಅಷ್ಟೇ ಅಲ್ಲ, ನಮ್ಮ ‘ಅಡಕೆ’ಯ ಒಡಹುಟ್ಟು. ತಮಿಳಿನ ‘ಅಡೈಕ್ಕಾಯ್’, ಮಲೆಯಾಳದ ‘ಅಡಯ್ಕ’, ‘ಅಡಕ್ಕ’, ತುಳು ಮತ್ತು ಕನ್ನಡಗಳ ‘ಅಡಕೆ’, ಇವೆಲ್ಲ ಒಂದೇ ಬೇರಿನ ಚಿಗುರುಗಳು. ಕನ್ನಡದಲ್ಲಿ ‘ಅಡಕೆ’ ಎಂದರೂ ಸರಿ, ‘ಅಡಿಕೆ’ ಎಂದರೂ ಸರಿ. ಶಿರಸಿ ಸೀಮೆಯ ಮನೆಮಾತಿನಲ್ಲಿ ಹೆಚ್ಚಾಗಿ ಕೇಳುವುದು ‘ಅಡಕೆ’. ಅಚ್ಚಿನಲ್ಲಿ ಹೆಚ್ಚಾಗಿ ಕಾಣುವುದು ‘ಅಡಿಕೆ’. ಇಂಗ್ಲಿಷ್ ನಿಘಂಟುಗಳು ‘ಅರೆಕ’ಕ್ಕೆ ಮಲೆಯಾಳವನ್ನು ಮೂಲವೆಂದು ಕೊಟ್ಟು, ಪಕ್ಕದಲ್ಲೇ ಕನ್ನಡ, ತಮಿಳು ರೂಪಗಳನ್ನೂ ಕಾಣಿಸುತ್ತವೆ. ಪದವನ್ನು ಹಡಗು ಹತ್ತಿಸಿದವರು ಮಲೆಯಾಳಿಗಳೇ ಆದರೂ ವಂಶ ನಮ್ಮದೂ ಹೌದು.

ಈ ಪದದ ಒಡಲಲ್ಲಿ ಏನಿದೆ? ‘ಕಾಯ್’ ಬಗ್ಗೆ ವಿವಾದವಿಲ್ಲ. ‘ಅಡೈ’ ಎಂದರೆ ಒತ್ತೊತ್ತಾಗಿ ಅಡಕವಾಗಿರುವುದು. ಕೊನೆಯಲ್ಲಿ ದಟ್ಟವಾಗಿ ಜೋಡಿಸಿಕೊಂಡಿರುವ ಕಾಯಿಗೆ ಆ ಹೆಸರು ಬಂತು ಎಂಬುದು ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣ ಬರೆದ ಬಿಷಪ್ ಕಾಲ್ಡ್‌ವೆಲ್‌ನ ವಿವರಣೆ. ತಮಿಳಿನಲ್ಲಿ ‘ಅಡೈ’ ಎಂಬುದಕ್ಕೆ ಎಲೆ, ವೀಳ್ಯದೆಲೆ ಎಂಬ ಅರ್ಥವೂ ಉಂಟು. ಅದನ್ನು ಹಿಡಿದರೆ ‘ಎಲೆಯ ಜೊತೆಗಿನ ಕಾಯಿ’ ಎಂದಾಗುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ನಮ್ಮ ಭಾಷೆಗಳಲ್ಲಿ ಎಲೆ ಎಲೆಯಾಗಿಯೂ ಕಾಯಿ ಕಾಯಾಗಿಯೂ ಉಳಿದಿವೆ. ಒಂದರ ಹೆಸರು ಇನ್ನೊಂದನ್ನು ನುಂಗಿಲ್ಲ.

ಯುರೋಪಿಗೆ ಈ ಹೆಸರನ್ನು ಮೊದಲು ಮುಟ್ಟಿಸಿದವರಲ್ಲಿ ಇಟಲಿಯ ಪ್ರವಾಸಿ ಲುದೊವಿಕೊ ವರ್ತೆಮ ಒಬ್ಬ. 1510ರಲ್ಲಿ ರೋಮಿನಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಮರಕ್ಕೆ ‘ಅರೆಕ’ ಎಂದೂ ಕಾಯಿಗೆ ‘ಕೊಫೊಲೊ’ ಎಂದೂ ಹೆಸರಿದೆ. ಈ ‘ಕೊಫೊಲೊ’ ಮತ್ತೇನೂ ಅಲ್ಲ, ಅರಬ್ ವರ್ತಕರ ‘ಫೌಫಲ್’. ಅದಕ್ಕೂ ಹಿಂದಿನದು ಸಂಸ್ಕೃತದ ‘ಪೂಗಫಲ’. ನಮ್ಮ ಕಾಯಿಯೊಂದು ಸಂಸ್ಕೃತದಿಂದ ಅರಬ್ಬಿಗೆ, ಅರಬ್ಬಿಯಿಂದ ಇಟಲಿಯವನ ಕಿವಿಗೆ ಹೋಗುವಷ್ಟರಲ್ಲಿ ಗುರುತೇ ಸಿಗದಷ್ಟು ಬದಲಾಗಿತ್ತು. ಸ್ಪೆಲಿಂಗ್ ತಪ್ಪು ನಿನ್ನೆ ಮೊನ್ನೆಯದಲ್ಲ!

‘ಡ’ ಹೋಗಿ ‘ರ’ ಬಂತು

‘ಅಡಕ್ಕ’ದಲ್ಲಿನ ‘ಡ’ಕಾರ ‘ಅರೆಕ’ದಲ್ಲಿ ‘ರ’ಕಾರವಾದದ್ದು ಹೇಗೆ? ನಾಲಗೆಯನ್ನು ಮೇಲಕ್ಕೆ ಮಡಚಿ ನುಡಿಯುವ ನಮ್ಮ ‘ಡ’ ಯುರೋಪಿನ ಹೆಚ್ಚಿನ ಭಾಷೆಗಳಲ್ಲಿಲ್ಲ. ಎರಡು ಸ್ವರಗಳ ನಡುವೆ ಅದು ಮೃದುವಾಗಿ ಬಂದಾಗ ಪೋರ್ಚುಗೀಸರ ಕಿವಿಗೆ ‘ರ’ ಎಂದೇ ಕೇಳಿಸಿತು. ಕೇಳಿದಂತೆ ಬರೆದರು.

ಇದಕ್ಕೆ ಇನ್ನೊಂದು ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿರುವ ಜಿಲ್ಲೆಯ ಹಳೆಯ ಹೆಸರೇ ಸಾಕ್ಷಿ. ‘ಕನ್ನಡ’ ಎಂಬುದನ್ನು ಪೋರ್ಚುಗೀಸರು ‘ಕನರ’ ಎಂದರು. ಅದನ್ನೇ ಇಂಗ್ಲಿಷರು ಎತ್ತಿಕೊಂಡರು. 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿದ ಈ ಜಿಲ್ಲೆ ‘ನಾರ್ತ್ ಕೆನರಾ’ ಆಯಿತು. 1883ರ ಮುಂಬೈ ಗೆಜೆಟಿಯರ್ ಸಂಪುಟದ ಹೆಸರೂ ‘ಕೆನರಾ’. ‘ಅಡಕ್ಕ’ದ ‘ಡ’ ಹೋದ ದಾರಿಯಲ್ಲೇ ‘ಕನ್ನಡ’ದ ‘ಡ’ವೂ ಹೋಯಿತು. ಜಿಲ್ಲೆಯ ಹೆಸರು ಮುಂದೆ ‘ಉತ್ತರ ಕನ್ನಡ’ ಎಂದು ಸರಿಯಾಯಿತು. ಬ್ಯಾಂಕೊಂದರ ಹೆಸರಿನಲ್ಲಿ ‘ಕೆನರಾ’ ಇನ್ನೂ ಉಳಿದಿದೆ. ಅಡಿಕೆಯ ‘ಡ’ ಮಾತ್ರ ಹಿಂದಿರುಗಲಿಲ್ಲ.

1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನಿಯಸ್ ಗಿಡಮರಗಳಿಗೆ ಎರಡು ಪದಗಳ ಹೆಸರಿಡುವಾಗ ಅಡಿಕೆ ಮರವನ್ನು ‘ಅರೆಕ ಕಟೆಚು’ ಎಂದು ದಾಖಲಿಸಿದ. ಮೊದಲ ಪದ ಅಡಕೆಯ ಬಂಧು. ಎರಡನೆಯದು ನಮ್ಮ ಕವಳಕ್ಕೆ ಹಾಕುವ ಕಾಚು! ಕಾಚು ಮುಖ್ಯವಾಗಿ ಬರುವುದು ಕಗ್ಗಲಿ ಮರದ ತಿರುಳಿನಿಂದ. ಅಡಿಕೆ ಬೇಯಿಸಿದ ಚೊಗರನ್ನೂ ಕಾಯಿಸಿ ಗಟ್ಟಿ ಮಾಡಿ ಅಂಥದೇ ಕೆಂಪು ಸರಕನ್ನು ತಯಾರಿಸುವ ರೂಢಿ ಇದ್ದುದರಿಂದ ಗೊಂದಲ ಹುಟ್ಟಿತ್ತು. ಅದೇ ಗ್ರಂಥದಲ್ಲಿ ಲಿನಿಯಸ್ ವೀಳ್ಯದ ಬಳ್ಳಿಗೆ ‘ಪೈಪರ್ ಬೆಟ್ಲೆ’ ಎಂದು ಹೆಸರಿಟ್ಟ. ಇಲ್ಲಿ ಕೊನೆಯ ಎರಡು ಅಕ್ಷರಗಳು ಇಂಗ್ಲಿಷಿನಂತೆ ಇ, ಎಲ್ ಅಲ್ಲ; ಎಲ್, ಇ. ಹೀಗೆ ಒಂದೇ ಎಲೆಗೆ ಇಂಗ್ಲಿಷಿನಲ್ಲೊಂದು ಕಾಗುಣಿತ, ಶಾಸ್ತ್ರದಲ್ಲೊಂದು ಕಾಗುಣಿತ, ತಪ್ಪಿ ಬರೆದಾಗ ಮೂರನೆಯದೊಂದು. ಬರೆಯುವವರು ತಡವರಿಸಿದರೆ ಆಶ್ಚರ್ಯವೇನು?

ಮರದ ಮೇಲೆ ಜೊತೆ, ಮಾತಿನಲ್ಲಿ ಬೇರೆ

ಎಲೆಯ ಹೆಸರು ಕಾಯಿಗೆ ಅಂಟಿದ್ದಕ್ಕೆ ತೋಟದಲ್ಲೇ ಕಾರಣ ಹುಡುಕಬಹುದು. ಘಟ್ಟದ ಮೇಲಿನ ತೋಟಗಳಲ್ಲಿ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬುತ್ತದೆ, ವೀಳ್ಯದ ಬಳ್ಳಿಯೂ ಹಬ್ಬುತ್ತದೆ. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ದಕ್ಷಿಣದ ಬೇಸಾಯವನ್ನು ನೋಡಲು ಹೊರಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಸೋಂದೆ ಸೀಮೆಗೂ ಬಂದಿದ್ದ. ಹವ್ಯಕರ ತೋಟಗಳ ನೀರು, ಗೊಬ್ಬರ, ಏಲಕ್ಕಿ, ಮೆಣಸುಗಳನ್ನು ವಿವರವಾಗಿ ಬರೆದ. ಕಣ್ಣೆದುರಿಗೆ ಎಲೆ ಬೇರೆ, ಕಾಯಿ ಬೇರೆ ಇದ್ದರೂ ಕಾಯಿಗೆ ಅವನು ಬಳಸಿದ್ದು ‘ಬೀಟಲ್ ನಟ್’ ಎಂಬ ಪದವನ್ನೇ. ಅಷ್ಟರಲ್ಲಾಗಲೇ ತಪ್ಪು ರೂಢಿಯಾಗಿತ್ತು. 1886ರಲ್ಲಿ ‘ಹಾಬ್ಸನ್-ಜಾಬ್ಸನ್’ ನಿಘಂಟು ಬಂದಾಗ ಯೂಲ್ ಮತ್ತು ಬರ್ನೆಲ್ ಈ ಹೆಸರು ಸರಿಯಲ್ಲ, ‘ಬೀಟಲ್’ ಎಲೆಗೆ ಸೇರಿದ್ದು ಎಂದು ಸ್ಪಷ್ಟವಾಗಿ ಎಚ್ಚರಿಸಿದರು. ಕೇಳಿದವರು ಕಡಿಮೆ.

ಇಂಗ್ಲಿಷಿಗೆ ಒಂದು ನಿಜವಾದ ಕೊರತೆಯೂ ಇತ್ತು. ಶಿರಸಿ ಕಡೆಯಲ್ಲಿ ಎಲೆ, ಅಡಿಕೆ, ಸುಣ್ಣ ಕೂಡಿದ್ದಕ್ಕೆ ‘ಕವಳ’ ಎನ್ನುತ್ತಾರೆ. ಬಂದವರಿಗೆ ಮೊದಲು ಕವಳದ ತಟ್ಟೆ ಮುಂದಿಡುವುದು ಮನೆಯ ಮರ್ಯಾದೆ. ಎಲೆಗೊಂದು, ಕಾಯಿಗೊಂದು, ಎರಡೂ ಸೇರಿದ್ದಕ್ಕೆ ಮತ್ತೊಂದು ಹೆಸರು ಇರುವಾಗ ಗೊಂದಲಕ್ಕೆ ಎಡೆಯಿಲ್ಲ. ಇಂಗ್ಲಿಷಿನಲ್ಲಿ ಕವಳಕ್ಕೆ ಹೆಸರಿಲ್ಲದ್ದರಿಂದ ಎಲೆಯ ಹೆಸರೇ ಇಡೀ ಕವಳದ ಹೆಸರಾಯಿತು. ಅಲ್ಲಿಂದ ಕವಳದೊಳಗಿನ ಕಾಯಿಗೂ ದಾಟಿತು.

ಬೆಳೆಗಾರನ ಮಾತನ್ನು ಹಾಗೆಯೇ ಎತ್ತಿಕೊಂಡ ಉದಾಹರಣೆಯೂ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ರೋಗದ ಮೇಲೆ ಬರೆದ ಪ್ರಬಂಧದಲ್ಲಿ ರೋಗಕ್ಕೆ ಹೊಸ ಹೆಸರು ಕಟ್ಟಲಿಲ್ಲ. ‘ಕೊಳೆರೋಗ’ ಎಂದೇ ಕರೆದ. ಮಳೆಗಾಲದಲ್ಲಿ ಕೊನೆಗೆ ಕೊಟ್ಟೆ ಕಟ್ಟುವ, ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಯುವ ತೋಟಿಗರ ಆ ಮಾತು ಇಂದಿಗೂ ಸಸ್ಯರೋಗ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ಅಕ್ಷರ ಕೆಡದೆ ಉಳಿದಿದೆ. ರೋಗದ ಹೆಸರು ಸರಿಯಾಗಿ ಹೋಯಿತು, ಬೆಳೆಯ ಹೆಸರು ಹೋಗಲಿಲ್ಲ!

ಹೆಸರು ತಪ್ಪಿದರೆ ಏನಾಗುತ್ತದೆ?

ಹೆಸರಿನಲ್ಲೇನಿದೆ ಎಂದು ಕೇಳುವವರಿಗೆ ಎರಡು ಉದಾಹರಣೆಗಳು ಸಾಕು. ಒಂದು ಆರೋಗ್ಯದ್ದು, ಇನ್ನೊಂದು ಸುಂಕದ್ದು.

‘ಬೀಟಲ್ ಜಗಿಯುವವರಲ್ಲಿ ಬಾಯಿ ಕ್ಯಾನ್ಸರ್’ ಎಂದು ವೈದ್ಯರು ಬರೆದರೆ ಜಗಿದದ್ದು ಏನು? ಬರೀ ಎಲೆಯೇ, ಎಲೆ-ಅಡಿಕೆ-ಸುಣ್ಣವೇ, ಅದಕ್ಕೆ ಹೊಗೆಸೊಪ್ಪೂ ಸೇರಿತ್ತೇ? ಈ ಗೊಂದಲ ಎಷ್ಟು ಬೆಳೆಯಿತೆಂದರೆ 1996ರ ನವೆಂಬರಿನಲ್ಲಿ ಮಲೇಷ್ಯಾದ ಕ್ವಾಲಾಲಂಪುರದಲ್ಲಿ ತಜ್ಞರು ಕಾರ್ಯಾಗಾರ ನಡೆಸಿ, ಯಾವುದನ್ನು ಏನೆಂದು ಕರೆಯಬೇಕು, ಕವಳದಲ್ಲಿ ಏನೇನಿತ್ತೆಂದು ಹೇಗೆ ದಾಖಲಿಸಬೇಕು ಎಂದು ಒಪ್ಪಂದಕ್ಕೆ ಬರಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಕವಳವನ್ನು ಕ್ಯಾನ್ಸರ್‌ಕಾರಕ ಎಂದಿತ್ತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಈ ನಿರ್ಣಯವನ್ನು ಆಕ್ಷೇಪಿಸುತ್ತಲೇ ಬಂದಿವೆ.

ಹೆಸರು ಸರಿಪಡಿಸಿದ ಮಾತ್ರಕ್ಕೆ ಅಪಾಯ ಕಡಿಮೆಯಾಗುವುದಿಲ್ಲ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಆದರೆ ‘ಬೀಟಲ್’ ಎಂಬ ಒಂದೇ ಮಾತಿನಿಂದ ಇಬ್ಬರಿಗೂ ಅನ್ಯಾಯ. ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲದ ಬರಿಯ ಎಲೆಗೆ ಅಪವಾದ ಬರುತ್ತದೆ. ಅಡಿಕೆಯ ಬಗ್ಗೆ ನಡೆಯಬೇಕಾದ ನೇರ ಚರ್ಚೆ ಎಲೆಯ ಮರೆಯಲ್ಲಿ ಅಡಗುತ್ತದೆ.

ಸುಂಕದ ಕಥೆ ಇನ್ನೂ ಸ್ವಾರಸ್ಯದ್ದು. ಭಾರತದ ಕಸ್ಟಮ್ಸ್ ಸುಂಕಪಟ್ಟಿಯ 8ನೇ ಅಧ್ಯಾಯದಲ್ಲಿ ಅಡಿಕೆ ‘ಅರೆಕ ನಟ್’ ಆಗಿದೆ. 21ನೇ ಅಧ್ಯಾಯಕ್ಕೆ ಬಂದರೆ ‘ಸುಪಾರಿ ಎಂದು ಕರೆಯುವ ಬೀಟಲ್ ನಟ್ ಉತ್ಪನ್ನ’ ಎಂಬ ಮತ್ತೊಂದು ಬಾಬು ಇದೆ. ಒಂದೇ ಕಾಯಿಗೆ ಒಂದೇ ಪುಸ್ತಕದಲ್ಲಿ ಮೂರು ಹೆಸರು. ಹೊರದೇಶದಿಂದ ತರಿಸುವ ಬೇಯಿಸಿದ ಅಡಿಕೆ ಯಾವ ಬಾಬಿಗೆ ಸೇರುತ್ತದೆ ಎಂಬ ವಾದ ಮುಂಗಡ ತೀರ್ಪಿನ ಪ್ರಾಧಿಕಾರದಿಂದ ಹೈಕೋರ್ಟಿನವರೆಗೂ ಹೋಗಿದೆ. ಆ ವಾದಗಳಲ್ಲಿ ಬರುವ ಸರಕಿನ ಹೆಸರುಗಳಲ್ಲಿ ‘ಅಪಿ ಸುಪಾರಿ’ಯೂ ಒಂದು. ಯಲ್ಲಾಪುರದ ಮಾರುಕಟ್ಟೆ ಧಾರಣೆ ನೋಡುವವರಿಗೆ ‘ಅಪಿ’ ಹೊಸ ಪದವೇನಲ್ಲ. ಅಡಿಕೆಯನ್ನು ಕತ್ತರಿಸಿ ಸಿಹಿ, ವಾಸನೆ ಸೇರಿಸಿದರೆ ಅದು ಹೊಸ ವಸ್ತುವಾಗುತ್ತದೆಯೇ ಎಂಬ ಪ್ರಶ್ನೆ 2007ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಅಬಕಾರಿ ಸುಂಕಕ್ಕೆ ಸಂಬಂಧಿಸಿದ ಆ ಪ್ರಕರಣದಲ್ಲಿ, ಅಡಿಕೆ ಅಡಿಕೆಯಾಗಿಯೇ ಉಳಿಯುತ್ತದೆ ಎಂದು ನ್ಯಾಯಾಲಯ ತೀರ್ಮಾನಿಸಿತು.

ಇದು ವಕೀಲರ ಕಸರತ್ತು ಎಂದು ತಳ್ಳಿಹಾಕುವಂತಿಲ್ಲ. ಅಗ್ಗದ ಆಮದು ತಡೆಯಲು ಸರ್ಕಾರ ಅಡಿಕೆಗೆ ಕನಿಷ್ಠ ಆಮದು ದರ ಗೊತ್ತುಪಡಿಸುತ್ತದೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಲಾಯಿತು. ಅದೇ ಅಡಿಕೆ ಬೇರೆ ಹೆಸರು ಹೊತ್ತು ಬೇರೆ ಬಾಬಿನಲ್ಲಿ ಒಳಬಂದರೆ ಈ ಬೇಲಿಯಿಂದ ಪ್ರಯೋಜನವೇನು? ಬಂದರಿನಲ್ಲಿ ಬರೆಯುವ ಒಂದು ಪದದ ಬಿಸಿ ಶಿರಸಿಯ ಹರಾಜಿಗೂ ತಟ್ಟಬಲ್ಲುದು.

ಶಿರಸಿ ಸುಪಾರಿ

ಮೂರನೆಯ ಹೆಸರಾದ ‘ಸುಪಾರಿ’ ಹಿಂದಿ, ಮರಾಠಿಗಳದು. ಉತ್ತರದ ವ್ಯಾಪಾರದ ಜೊತೆ ಬಂದದ್ದು. ಕೆಲಸ ಒಪ್ಪಿಕೊಂಡ ಗುರುತಿಗೆ ಎಲೆ-ಅಡಿಕೆ ಎತ್ತಿಕೊಳ್ಳುವ ಪದ್ಧತಿ ನಾಡಿನುದ್ದಕ್ಕೂ ಇತ್ತು. ಕನ್ನಡದ ‘ರಣವೀಳ್ಯ’ ಅದರದೇ ನೆನಪು. ಆ ಗೌರವದ ಮಾತನ್ನು ಮುಂಬೈಯ ಭೂಗತ ಜಗತ್ತು ಹಣ ಪಡೆದು ಮಾಡುವ ಕೊಲೆಗೆ ಬಳಸಿ, ಪತ್ರಿಕೆಗಳ ಅಪರಾಧ ಸುದ್ದಿಗೆ ತಂದು ನಿಲ್ಲಿಸಿತು.

ಆದರೂ ಮಾರುಕಟ್ಟೆಗೆ ಬೇಕಾದದ್ದು ಗಿರಾಕಿ ಗುರುತಿಸುವ ಹೆಸರು. 1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಭೌಗೋಳಿಕ ಸೂಚಿಕೆಗೆ ಅರ್ಜಿ ಹಾಕಿದ್ದು ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲೇ. 2019ರಲ್ಲಿ ಮಾನ್ಯತೆ ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲ್ಲೂಕುಗಳಲ್ಲಿ ಬೆಳೆದ ಅಡಿಕೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಮಧ್ಯಮ ಗಾತ್ರ, ತುಸು ಚಪ್ಪಟೆಯಾದ ದುಂಡು ಆಕಾರ, ಗಟ್ಟಿ ತಿರುಳು ಇದರ ಲಕ್ಷಣಗಳು. ಎಲೆಯ ಹೆಸರಾಗಲಿ ಹುಳದ ಹೆಸರಾಗಲಿ ಅದರಲ್ಲಿಲ್ಲ. ಪರಭಾಷೆಯ ‘ಸುಪಾರಿ’ಯ ಪಕ್ಕದಲ್ಲಿ ಊರಿನ ಹೆಸರು ಕಾನೂನಿನ ಬಲದಿಂದ ನಿಂತಿದೆ.

ಒಳಗಿನ ವ್ಯವಹಾರಕ್ಕೆ ಮಾತ್ರ ಯಾವ ಪರಭಾಷೆಯ ಹಂಗೂ ಬೇಕಾಗಿಲ್ಲ. ಹಸಿಯದನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣನ್ನು ಇಡಿಯಾಗಿ ಒಣಗಿಸಿ ಸುಲಿದರೆ ಚಾಲಿ. ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ದರದ ಪಟ್ಟಿ ಸಾಗುತ್ತದೆ. ಈ ಪಟ್ಟಿಯಲ್ಲಿ ಒಂದು ಹೆಸರು ಇನ್ನೊಂದರ ಜಾಗಕ್ಕೆ ಹೋದರೆ ಕ್ವಿಂಟಲಿಗೆ ಸಾವಿರಗಟ್ಟಲೆ ರೂಪಾಯಿಯ ವ್ಯತ್ಯಾಸವಾಗುತ್ತದೆ. ಹಾಗಾಗಿ ಇಲ್ಲಿ ಹೆಸರು ತಪ್ಪಿ ಬರೆಯುವವರು ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಬರೆಯಲೇಬೇಕಾದ ಪ್ರಸಂಗ ಬಂದಾಗ ನೆನಪಿಡಬೇಕಾದದ್ದು ಇಷ್ಟೇ: ಎಲೆಗೆ ‘ಬೀಟಲ್’, ಅದೂ ಒಂದೇ ‘ಇ’ಯಿಂದ ಆರಂಭ, ಕಾಯಿಗೆ ‘ಅರೆಕ’. ಎರಡನೆಯದನ್ನು ಬರೆಯುವಾಗ ಅಂಜಬೇಕಾಗಿಲ್ಲ. ಅದು ಪರರ ಕಿವಿಯಲ್ಲಿ ‘ಡ’ ಕಳೆದುಕೊಂಡ ನಮ್ಮ ಅಡಕೆಯ ಒಡಹುಟ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗಾದೆ ಹೇಳುತ್ತದೆ. ಅಡಿಕೆಯದೇ ಮಾನ ಹೋದರೆ ತರಲು ಆನೆ ಬೇಡ, ಸರಿಯಾದ ಹೆಸರು ಹಿಡಿದು ಕರೆದರೆ ಅರ್ಧ ಬಂದಂತೆಯೇ.